‘ಯಾವ ಜೀವಿಯಲ್ಲಿ?’: ವಯಸ್ಸಾಗುವಿಕೆಯ ವಿಜ್ಞಾನ ಕುರಿತು ಒಂಬತ್ತನೇ ತರಗತಿಗೆ ಒಂದು ಪೂರಕ ಪಾಠ

ಕೋಶ ವಿಭಜನೆಯ ಪಾಠ ಮುಗಿದ ಮೇಲೆ ಒಂಬತ್ತನೇ ತರಗತಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಹಳೆಯ ಕೋಶದ ಜಾಗಕ್ಕೆ ಹೊಸದು ಬರುತ್ತಿದ್ದರೆ ನಮಗೆ ವಯಸ್ಸಾಗುವುದೇಕೆ? ಮುಪ್ಪನ್ನು ತಡೆಯುತ್ತೇವೆ ಎನ್ನುವ ಪುಡಿ, ಮಾತ್ರೆ, ಕ್ರೀಮುಗಳ ಜಾಹೀರಾತನ್ನು ಮಕ್ಕಳು ಮೊಬೈಲಿನಲ್ಲಿ ನೋಡಿಯೇ ತರಗತಿಗೆ ಬಂದಿರುತ್ತಾರೆ. ಅಭ್ಯಾಸ ಬೋಧನೆಯ ಅವಧಿಯಲ್ಲಿ ಈ ಪ್ರಶ್ನೆಗಾಗಿಯೇ ಎರಡು ಪಿರಿಯಡ್‌ಗಳ ಪೂರಕ ಪಾಠವೊಂದನ್ನು ಯೋಜಿಸಿ ಬೋಧಿಸಿದೆ. ಅದರ ಹಂತಗಳನ್ನೂ ಬೋಧಿಸುವವರು ಗಮನಿಸಬೇಕಾದ ಅಂಶಗಳನ್ನೂ ಇಲ್ಲಿ ಕೊಟ್ಟಿದ್ದೇನೆ.

ಕಲಿಕಾ ಉದ್ದೇಶಗಳು

1. ಆಯುಷ್ಯ ಮತ್ತು ಆರೋಗ್ಯಪೂರ್ಣ ಆಯುಷ್ಯದ ವ್ಯತ್ಯಾಸವನ್ನು ವಿದ್ಯಾರ್ಥಿಯು ವಿವರಿಸುವನು.
2. ವಯಸ್ಸಾಗುವಿಕೆಗೆ ಒಂದೇ ಕಾರಣವಿಲ್ಲ ಎಂಬುದನ್ನು ಉದಾಹರಣೆಯೊಂದಿಗೆ ಹೇಳುವನು.
3. ಆಯುಷ್ಯದ ಬಗೆಗಿನ ಯಾವುದೇ ಹೇಳಿಕೆಯನ್ನು ‘ಯಾವ ಜೀವಿಯಲ್ಲಿ ಕಂಡದ್ದು?’ ಎಂದು ಪ್ರಶ್ನಿಸುವನು.

ಪೂರ್ವಜ್ಞಾನ: ಕೋಶ, ಕೋಶಕೇಂದ್ರ, ವರ್ಣತಂತು, ಕೋಶ ವಿಭಜನೆ.
ಸಾಮಗ್ರಿ: ಕಾಗದದ ಪಟ್ಟಿಗಳು, ನಾಲ್ಕು ರಟ್ಟಿನ ಕಾರ್ಡುಗಳು, ಕಪ್ಪುಹಲಗೆ.

ಹಂತ 1: ಎರಡು ಗೆರೆಗಳು

ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಎರಡು ಗೆರೆ ಎಳೆದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಂತೆ ಭಾರತೀಯರ ನಿರೀಕ್ಷಿತ ಆಯುಷ್ಯ ಸುಮಾರು 70 ವರ್ಷ. ಅದರಲ್ಲಿ ಆರೋಗ್ಯದಿಂದ ಕಳೆಯುವುದು ಸುಮಾರು 60 ವರ್ಷ. ಎರಡು ಗೆರೆಗಳ ನಡುವಿನ 10 ವರ್ಷದ ಅಂತರವನ್ನು ತೋರಿಸಿ, ‘ಈ ಅಂತರದಲ್ಲಿ ನಿಮ್ಮ ಮನೆಯ ಹಿರಿಯರಿಗೆ ಏನೇನು ತೊಂದರೆ ಕಂಡಿದ್ದೀರಿ?’ ಎಂದು ಕೇಳಿದೆ. ಮಂಡಿ ನೋವು, ಕಣ್ಣಿನ ಪೊರೆ, ಸಕ್ಕರೆ ಕಾಯಿಲೆ, ಮರೆವು ಎಂದು ಪಟ್ಟಿ ಬೆಳೆಯಿತು. ವಿಜ್ಞಾನಿಗಳ ಮುಖ್ಯ ಗುರಿ ಈ ಅಂತರವನ್ನು ಕಿರಿದು ಮಾಡುವುದು ಎಂದಾಗ, ಪಾಠವು ಸಾವನ್ನು ಗೆಲ್ಲುವ ಕಥೆಯಲ್ಲ ಎಂಬುದು ಮಕ್ಕಳಿಗೆ ಸ್ಪಷ್ಟವಾಯಿತು.

ಹಂತ 2: ಹೆಸರಿನ ಪಟ್ಟಿ

ಪ್ರತಿ ಮಗುವೂ ಕಾಗದದ ಪಟ್ಟಿಯ ನಡುವೆ ತನ್ನ ಹೆಸರು ಬರೆದು ಎರಡೂ ತುದಿಗಳನ್ನು ಖಾಲಿ ಬಿಡಬೇಕು. ನಾನು ಚಪ್ಪಾಳೆ ತಟ್ಟಿದಾಗಲೆಲ್ಲ ಒಂದು ‘ವಿಭಜನೆ’. ಆಗ ಎರಡೂ ತುದಿಗಳಿಂದ ಒಂದೊಂದು ಬೆರಳಗಲ ಹರಿಯಬೇಕು. ಹೆಸರಿನ ಅಕ್ಷರಕ್ಕೆ ತಾಗುವ ಮೊದಲೇ ನಿಲ್ಲಿಸಬೇಕು. ಖಾಲಿ ತುದಿಯೇ ಟೆಲೋಮಿಯರ್, ಹೆಸರು ಕೋಶಕ್ಕೆ ಬೇಕಾದ ವಂಶವಾಹಿ ಮಾಹಿತಿ.

ಇಲ್ಲಿ ಎರಡು ಸಂಗತಿ ಹೇಳಿದೆ. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮನುಷ್ಯನ ಸಾಮಾನ್ಯ ಕೋಶಗಳು ಸುಮಾರು 50 ಬಾರಿ ವಿಭಜಿಸಿ ನಿಲ್ಲುತ್ತವೆ ಎಂದು ತೋರಿಸಿದರು. ಟೆಲೋಮಿಯರ್ ವರ್ಣತಂತುವನ್ನು ಕಾಯುವ ಬಗೆಯನ್ನು ಕಂಡುಹಿಡಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಮತ್ತು ಜ್ಯಾಕ್ ಶೋಸ್ಟಾಕ್ ಅವರಿಗೆ 2009ರ ನೊಬೆಲ್ ಪ್ರಶಸ್ತಿ ಬಂತು.

ಚಟುವಟಿಕೆ ಇಷ್ಟಕ್ಕೇ ನಿಂತರೆ ‘ಟೆಲೋಮಿಯರ್ ಸವೆಯುವುದೇ ಮುಪ್ಪು’ ಎಂಬ ಅರ್ಧಸತ್ಯ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ಆದ್ದರಿಂದ ಕೂಡಲೇ ಎರಡು ಪ್ರತ್ಯುದಾಹರಣೆ ಕೊಟ್ಟೆ. ಪ್ರಯೋಗಾಲಯದ ಇಲಿಯ ಟೆಲೋಮಿಯರ್ ನಮ್ಮದಕ್ಕಿಂತ ಉದ್ದ, ಆದರೆ ಅದು ಬದುಕುವುದು ಎರಡು ಮೂರು ವರ್ಷ. ಸಿ. ಎಲಿಗ್ಯಾನ್ಸ್ ಎಂಬ ಒಂದು ಮಿಲಿಮೀಟರ್ ಹುಳು ಬೆಳೆದ ಮೇಲೆ ಅದರ ದೇಹಕೋಶಗಳು ವಿಭಜಿಸುವುದೇ ಇಲ್ಲ, ಆದರೂ ಎರಡು ಮೂರು ವಾರಗಳಲ್ಲಿ ಅದು ಮುದಿಯಾಗುತ್ತದೆ. ಹಾಗಾದರೆ ಬೇರೆ ಕಾರಣಗಳೂ ಇರಬೇಕಲ್ಲ? ಡಿಎನ್‌ಎ ಹಾನಿ, ಮೈಟೊಕಾಂಡ್ರಿಯದ ದುರ್ಬಲತೆ, ಪ್ರೋಟೀನುಗಳ ಕೆಡುಕು, ವಿಭಜನೆ ನಿಲ್ಲಿಸಿಯೂ ಸಾಯದೆ ಸುತ್ತಲ ಅಂಗಾಂಶಕ್ಕೆ ತೊಂದರೆ ಕೊಡುವ ಮುದಿ ಕೋಶಗಳು ಎಂದು ಹಲಗೆಯ ಮೇಲೆ ಬರೆದೆ.

ಹಂತ 3: ನಾಲ್ಕು ಕಾರ್ಡುಗಳು (ಎರಡನೇ ಪಿರಿಯಡ್)

ತರಗತಿಯನ್ನು ನಾಲ್ಕು ಗುಂಪು ಮಾಡಿ ಒಂದೊಂದು ಕಾರ್ಡು ಕೊಟ್ಟೆ.

ಹುಳು: 1993ರಲ್ಲಿ ಸಿಂಥಿಯಾ ಕೆನ್ಯನ್ ತಂಡ, ಒಂದೇ ಜೀನ್ ಬದಲಾದ ಹುಳುಗಳು ಎರಡು ಪಟ್ಟಿಗೂ ಹೆಚ್ಚು ಕಾಲ ಬದುಕಿದ್ದನ್ನು ಕಂಡಿತು.

ಇಲಿ: ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯದಿಂದ ದೊರೆತ ರಾಪಮೈಸಿನ್ ಔಷಧವನ್ನು 600 ದಿನ ದಾಟಿದ, ಅಂದರೆ ಮುದಿಯಾದ, ಇಲಿಗಳಿಗೆ ಕೊಟ್ಟಾಗ ಅವುಗಳ ಆಯುಷ್ಯ ಹೆಚ್ಚಿತು ಎಂದು 2009ರಲ್ಲಿ ವರದಿಯಾಯಿತು. ಇದೇ ಔಷಧ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಕೊಡುವುದೂ ಅದಕ್ಕಾಗಿಯೇ.

ಕೋತಿ: ಕಡಿಮೆ ಕ್ಯಾಲೊರಿ ಉಂಡ ರೀಸಸ್ ಕೋತಿಗಳ ಬಗ್ಗೆ ಅಮೆರಿಕದ ಎರಡು ತಂಡಗಳು 2009 ಮತ್ತು 2012ರಲ್ಲಿ ಭಿನ್ನ ಫಲಿತಾಂಶ ಕೊಟ್ಟವು. ಒಂದರಲ್ಲಿ ಆಯುಷ್ಯ ಹೆಚ್ಚಿತು, ಇನ್ನೊಂದರಲ್ಲಿ ಹೆಚ್ಚಲಿಲ್ಲ. ಎರಡು ಕಡೆಯ ಆಹಾರಕ್ರಮ ಒಂದೇ ಆಗಿರಲಿಲ್ಲ.

ಮನುಷ್ಯ: ಕ್ಯಾಲರಿ ಎಂಬ ಹೆಸರಿನ ಪ್ರಯೋಗದಲ್ಲಿ 218 ವಯಸ್ಕರು ಎರಡು ವರ್ಷ ಪಾಲ್ಗೊಂಡರು. ಆಹಾರ ಕಡಿತದ ಗುರಿ ಶೇ. 25, ಸಾಧ್ಯವಾದದ್ದು ಸುಮಾರು ಶೇ. 12. ರಕ್ತದೊತ್ತಡ, ಕೊಲೆಸ್ಟರಾಲ್ ಸುಧಾರಿಸಿದವು. ಆಯುಷ್ಯ ಹೆಚ್ಚಿತೇ ಎಂದು ಎರಡು ವರ್ಷದಲ್ಲಿ ಅಳೆಯಲಾಗದು.

ಪ್ರತಿ ಗುಂಪೂ ಮೂರು ಪ್ರಶ್ನೆಗೆ ಉತ್ತರಿಸಬೇಕು: ಯಾವ ಜೀವಿ? ಏನು ಅಳೆದರು? ಇದರಿಂದ ಮನುಷ್ಯನ ಬಗ್ಗೆ ಎಷ್ಟು ಹೇಳಬಹುದು? ಮೂರನೆಯ ಪ್ರಶ್ನೆಗೆ ಇಲಿಯ ಗುಂಪು ಬಹಳ ಹೊತ್ತು ಚರ್ಚಿಸಿತು. ‘ಹಾಗಾದ್ರೆ ಆ ಮಾತ್ರೆ ನಮ್ಮಜ್ಜಿಗೆ ಕೊಡಬಹುದಾ ಮಿಸ್?’ ಎಂದು ಒಬ್ಬ ಹುಡುಗಿ ಕೇಳಿದಳು. ನಾನು ಉತ್ತರಿಸುವ ಮೊದಲೇ ಅದೇ ಗುಂಪಿನ ಹುಡುಗ, ‘ಅಜ್ಜಿಗೆ ಜ್ವರ ಬಂದ್ರೆ ತಡ್ಕೊಳೋ ಶಕ್ತಿನೇ ಕಮ್ಮಿ ಆಗುತ್ತಲ್ಲ’ ಎಂದ. ಕಾರ್ಡಿನ ಕೊನೆಯ ಸಾಲುಗಳನ್ನು ಅವನು ಓದಿ ಬಳಸಿಕೊಂಡಿದ್ದ.

ಬೋಧಿಸುವವರು ಗಮನಿಸಬೇಕಾದದ್ದು

ಆಹಾರ ಕಡಿತದ ಭಾಗವನ್ನು ಬಹಳ ಎಚ್ಚರದಿಂದ ಬೋಧಿಸಬೇಕು. ನಮ್ಮ ತರಗತಿಗಳಲ್ಲಿ ಬೆಳಗಿನ ತಿಂಡಿ ಇಲ್ಲದೆ ಬರುವ ಮಕ್ಕಳಿದ್ದಾರೆ, ರಕ್ತಹೀನತೆಯಿರುವ ಹೆಣ್ಣುಮಕ್ಕಳಿದ್ದಾರೆ, ತೆಳ್ಳಗಾಗಬೇಕೆಂದು ಊಟ ಬಿಡುವವರೂ ಇದ್ದಾರೆ. ‘ಕಡಿಮೆ ತಿಂದರೆ ಹೆಚ್ಚು ಬದುಕಬಹುದು’ ಎಂಬ ಒಂದೇ ವಾಕ್ಯ ಮನೆಗೆ ಹೋದರೆ ಪಾಠದಿಂದ ಹಾನಿಯೇ ಹೆಚ್ಚು. 1935ರಲ್ಲಿ ಕ್ಲೈವ್ ಮೆಕೇ ಅವರ ಪ್ರಯೋಗದಲ್ಲಿ ಎಳೆಯ ಇಲಿಗಳಿಗೆ ಆಹಾರ ಮಿತಿಗೊಳಿಸಿದಾಗ ಆಯುಷ್ಯ ಹೆಚ್ಚಿತು, ಜೊತೆಗೆ ಬೆಳವಣಿಗೆ ಕುಂಠಿತವಾಯಿತು. ಈ ಎರಡನೆಯ ಭಾಗವನ್ನು ಬಿಡದೆ ಹೇಳಬೇಕು. ಮನುಷ್ಯರ ಪ್ರಯೋಗದಲ್ಲಿದ್ದವರು ಬೆಳವಣಿಗೆ ಮುಗಿದ ವಯಸ್ಕರು, ವೈದ್ಯರ ನಿಗಾದಲ್ಲಿದ್ದವರು ಎಂಬುದನ್ನೂ ಹೇಳಬೇಕು. ‘ಬೆಳೆಯುವ ವಯಸ್ಸಿನಲ್ಲಿ ಹೊಟ್ಟೆ ತುಂಬ ಪೌಷ್ಟಿಕ ಊಟ’ ಎಂಬ ವಾಕ್ಯವನ್ನು ಹಲಗೆಯ ಮೇಲೆ ಬರೆಸಿ, ಟಿಪ್ಪಣಿಯಲ್ಲೂ ಬರೆಸಿದೆ.

ಮಾತ್ರೆ ಬೇಡವೆಂದರೆ ಮತ್ತೇನು ಮಾಡಬೇಕು ಎಂಬುದಕ್ಕೂ ಉತ್ತರ ಬೇಕು. ತಂಬಾಕು ಬಿಡುವುದು, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ನಿತ್ಯ ನಡಿಗೆ, ಸ್ನಾಯುಬಲದ ವ್ಯಾಯಾಮ: ಇವು ಮನುಷ್ಯರಲ್ಲೇ ಪರೀಕ್ಷೆಯಾದ ಮಾರ್ಗಗಳು. ಬಲ ಮತ್ತು ಸಮತೋಲನದ ವ್ಯಾಯಾಮದಿಂದ ಹಿರಿಯರು ಬೀಳುವುದು ಕಡಿಮೆಯಾಗುತ್ತದೆ ಎಂದಾಗ ಮಕ್ಕಳು ಮನೆಯ ಉದಾಹರಣೆಗಳನ್ನು ತಾವಾಗಿಯೇ ಜೋಡಿಸಿದರು. ನಮ್ಮ ರಾಜ್ಯದಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರ ಆರೋಗ್ಯ ಮತ್ತು ನೆನಪಿನ ಶಕ್ತಿಯನ್ನು ದೀರ್ಘಕಾಲ ಗಮನಿಸುವ ಅಧ್ಯಯನ ನಡೆಸುತ್ತಿದೆ. ಮನುಷ್ಯರಲ್ಲಿ ಪುರಾವೆ ಎಷ್ಟು ನಿಧಾನವಾಗಿ ಕೂಡುತ್ತದೆ ಎಂಬುದಕ್ಕೆ ಇದು ಹತ್ತಿರದ ನಿದರ್ಶನ.

ಮೌಲ್ಯಮಾಪನ

‘ಹೊಸ ಔಷಧದಿಂದ ಆಯುಷ್ಯ ಹೆಚ್ಚಳ’ ಎಂಬ ಕಾಲ್ಪನಿಕ ಶೀರ್ಷಿಕೆ ಕೊಟ್ಟು, ನಂಬುವ ಮೊದಲು ಕೇಳಬೇಕಾದ ಮೂರು ಪ್ರಶ್ನೆ ಬರೆಯಲು ಹೇಳಿದೆ. ‘ಯಾವ ಜೀವಿಯಲ್ಲಿ?’ ಎಂಬುದು ಬಹುತೇಕ ಎಲ್ಲ ಉತ್ತರಗಳಲ್ಲೂ ಇತ್ತು. ‘ಅಡ್ಡಪರಿಣಾಮವೇನು?’, ‘ಎಷ್ಟು ಜನರ ಮೇಲೆ?’, ‘ಮಾರುವವರೇ ಹೇಳಿದ್ದಾ?’ ಎಂಬ ಪ್ರಶ್ನೆಗಳೂ ಬಂದವು. ಕೊನೆಯದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ, ಮುಂದಿನ ಸಲಕ್ಕೆ ಸೇರಿಸಿಕೊಂಡಿದ್ದೇನೆ.

ಈ ಪಾಠವನ್ನು ಬಳಸುವ ಸಹಪಾಠಿಗಳಿಗೆ ಒಂದು ಸಲಹೆ: ಸಮಯ ಸಾಲದಿದ್ದರೆ ನೊಬೆಲ್ ವಿಜೇತರ ಹೆಸರುಗಳನ್ನು ಬಿಡಬಹುದು. ಹುಳುವಿನ ಪ್ರತ್ಯುದಾಹರಣೆಯನ್ನೂ ಊಟದ ಎಚ್ಚರಿಕೆಯನ್ನೂ ಬಿಡಬಾರದು.