ಹುಲ್ಲುಗಾವಲಿನ ಹಕ್ಕಿ ಲೆಕ್ಕ: ರೈತರ ಪಾಲೇನು?

ಹೊಲಕ್ಕೆ ಗೊಬ್ಬರ ಹಾಕಿದರೆ ಅದರ ಫಲ ಕಣದಲ್ಲಿ ತಿಳಿಯುತ್ತದೆ. ಹುಲ್ಲುಗಾವಲನ್ನು ಸುಧಾರಿಸಿದರೆ ಫಲ ತಿಳಿಯುವುದು ಹೇಗೆ? ಮೇವಿನ ತೂಕ ಒಂದು ಅಳತೆ. ಅಲ್ಲಿ ಗೂಡು ಕಟ್ಟುವ ಹಕ್ಕಿಗಳು ಇನ್ನೊಂದು ಅಳತೆ.

ಅಮೃತಹಳ್ಳಿ, ಹೆಬ್ಬಾಳಗಳ ಸುತ್ತಲಿನ ಹೊಲಗಳು ಬಹುಪಾಲು ಬಡಾವಣೆಗಳಾಗಿವೆ. ಆದರೆ ವಾಯುವ್ಯಕ್ಕಿರುವ ಹೆಸರಘಟ್ಟ ಕೆರೆಯ ಬಳಿ ಹುಲ್ಲುಗಾವಲು ಇನ್ನೂ ಉಳಿದಿದೆ. 2011ರಲ್ಲಿ ಅಲ್ಲಿ ಅಪರೂಪದ ಲೆಸ್ಸರ್ ಫ್ಲೋರಿಕನ್ ಹಕ್ಕಿ ಕಾಣಿಸಿತ್ತು. ಇದನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತು. 2024ರ ಅಕ್ಟೋಬರ್‌ನಲ್ಲಿ ಒಪ್ಪಿತು. ವಿಸ್ತೀರ್ಣ 5,678 ಎಕರೆ.

ಸಮಿತಿಯಲ್ಲಿ ಸ್ಥಾನ

ದನ ಮೇಯಿಸುವುದು ನಿಂತೀತೆಂಬ ಅಂಜಿಕೆ ರೈತರಿಗೆ ಸಹಜ. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಂತೆ ಇಂತಹ ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಜೊತೆಗೆ ಪ್ರತಿ ಗ್ರಾಮ ಪಂಚಾಯಿತಿಯ ಒಬ್ಬ ಪ್ರತಿನಿಧಿ, ಸ್ವಯಂಸೇವಾ ಸಂಸ್ಥೆಗಳ ಮೂವರು, ಕೃಷಿ ಹಾಗೂ ಪಶುಸಂಗೋಪನೆ ಇಲಾಖೆಗಳ ತಲಾ ಒಬ್ಬರು ಇರಬೇಕು. ಅಲ್ಲಿ ಮಾತಿಗೆ ತೂಕ ಬರುವುದು ಕೈಯಲ್ಲಿ ಲೆಕ್ಕವಿದ್ದಾಗ.

ಯಾವ ಹಕ್ಕಿ?

ನೆಲಗುಬ್ಬಿ, ಲಾವಕ್ಕಿ, ಟಿಟ್ಟಿಭಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಬೆಂಕಿ, ಅತಿ ಮೇಯಿಸುವಿಕೆ, ನಾಯಿಗಳ ಹಾವಳಿ ಇವಕ್ಕೆ ಕೂಡಲೇ ತಟ್ಟುತ್ತವೆ. ಚಳಿಗಾಲದಲ್ಲಿ ವಲಸೆ ಬರುವ ಹ್ಯಾರಿಯರ್ ಜಾತಿಯ ಗಿಡುಗಗಳು ಮಿಡತೆ, ಇಲಿಗಳನ್ನು ಹಿಡಿದು ರೈತರಿಗೆ ನೆರವಾಗುತ್ತವೆ. ಬಯಲಿನಲ್ಲಿ ನೀಲಗಿರಿ, ಅಕೇಶಿಯ ನೆಟ್ಟರೆ ಈ ಹಕ್ಕಿಗಳು ಜಾಗ ಬಿಡುತ್ತವೆ. ಹುಲ್ಲುಗಾವಲಿಗೆ ಮರವೇ ಮದ್ದಲ್ಲ.

ಎಣಿಕೆಯ ಕ್ರಮ

1. ಸುಧಾರಣೆಯ ಕೆಲಸಕ್ಕೆ ಮುಂಚೆಯೇ ಎಣಿಕೆ ಆರಂಭಿಸಿರಿ.
2. ಸುಧಾರಿಸುವ ತಾಕು ಒಂದು, ಹಾಗೆಯೇ ಬಿಟ್ಟ ತಾಕು ಒಂದು ಆರಿಸಿ, ಎರಡರಲ್ಲೂ ಅರ್ಧ ಕಿಲೋಮೀಟರ್ ದಾರಿ ಗುರುತಿಸಿರಿ.
3. ತಿಂಗಳಿಗೊಮ್ಮೆ, ಸೂರ್ಯೋದಯವಾದ ಎರಡು ಗಂಟೆಯೊಳಗೆ, ಒಂದೇ ವೇಗದಲ್ಲಿ ನಡೆಯಿರಿ.
4. ಕಂಡ ಮತ್ತು ಕೇಳಿದ ಹಕ್ಕಿ, ಹುಲ್ಲಿನ ಎತ್ತರ, ಮೇಯುತ್ತಿದ್ದ ದನ-ಕುರಿಗಳ ಸಂಖ್ಯೆ ಬರೆಯಿರಿ. ಹಕ್ಕಿ ಕಾಣದಿದ್ದರೆ ಸೊನ್ನೆ ಎಂದೇ ಬರೆಯಿರಿ, ಅದೂ ಮಾಹಿತಿಯೇ.
5. ಈ ಜನವರಿಯನ್ನು ಹಿಂದಿನ ಜನವರಿಯೊಡನೆ ಹೋಲಿಸಿರಿ, ಜುಲೈಯೊಡನೆ ಅಲ್ಲ. ಒಂದೇ ವರ್ಷದ ಏರಿಳಿತದಿಂದ ತೀರ್ಮಾನ ಬೇಡ, ಮಳೆಯೂ ಕಾರಣವಿರಬಹುದು.

ಕೆಲಸದ ಹಂಚಿಕೆ

ಗೂಡಿನ ಜಾಗ ಕುರಿಗಾಹಿಗೆ ಗೊತ್ತು, ಜಾತಿ ಗುರುತಿಸುವುದು ಪಕ್ಷಿವೀಕ್ಷಕರಿಗೆ ಗೊತ್ತು. ಇಬ್ಬರೂ ಜೊತೆಯಾಗಿ ನಡೆಯಲಿ. ವಿಸ್ತರಣಾ ಕಾರ್ಯಕರ್ತರು ನಮೂನೆ ಒದಗಿಸಿ, ವರ್ಷಕ್ಕೊಮ್ಮೆ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಪುಸ್ತಕದ ಒಂದು ಪ್ರತಿ ಪಂಚಾಯಿತಿಯಲ್ಲಿಯೇ ಇರಬೇಕು. ಗೂಡಿನ ಜಾಗವನ್ನು ಮಾತ್ರ ಹೊರಗಿನವರಿಗೆ ತಿಳಿಸಬಾರದು.

ಸುಮಾರು 30,000 ಪಕ್ಷಿವೀಕ್ಷಕರ ದಾಖಲೆಗಳಿಂದ ಸಿದ್ಧವಾದ 2023ರ ದೇಶದ ಪಕ್ಷಿಸ್ಥಿತಿ ವರದಿಯು ಹುಲ್ಲುಗಾವಲಿನ ಹಕ್ಕಿಗಳು ಬಹಳ ಕುಸಿದಿವೆ ಎಂದಿದೆ. ಕುದುರೆಮುಖ, ಬಾಬಾಬುಡನ್‌ಗಿರಿಯ ಬೆಟ್ಟದ ಹುಲ್ಲುಗಾವಲಿಗೂ ಇದೇ ಕ್ರಮ ಹೊಂದುತ್ತದೆ. ಹಕ್ಕಿಗಳ ಪಟ್ಟಿ ಬೇರೆಯಾಗುತ್ತದೆ, ಅಷ್ಟೆ.

ಯಾವ ತಾಕಿನಲ್ಲಿ ಯಾವ ತಿಂಗಳು ದನ ಬಿಡಬೇಕು, ಯಾವುದಕ್ಕೆ ಬಿಡುವು ಕೊಡಬೇಕು ಎಂಬುದನ್ನು ಈ ಪುಸ್ತಕ ನೋಡಿ ತೀರ್ಮಾನಿಸಿದರೆ ಮೇವೂ ಉಳಿದೀತು, ಹಕ್ಕಿಯೂ ಉಳಿದೀತು.