ಕ್ಲಿನಿಕ್ ಬದಲಿಸಲೇ?

ಹೈದರಾಬಾದಿನ ಐವಿಎಫ್ ಕ್ಲಿನಿಕ್‌ನಲ್ಲಿ ಹೆಸರು ಬರೆಸಿದ್ದೀರಿ, ಮುಂಗಡವನ್ನೂ ಕಟ್ಟಿದ್ದೀರಿ, ಆದರೆ ಚುಚ್ಚುಮದ್ದು ಶುರುವಾಗಿಲ್ಲ. ಕಲಬುರಗಿಯ ಕ್ಲಿನಿಕ್‌ಗೆ ಬದಲಿಸುವುದಿದ್ದರೆ ಇದೇ ಹೊತ್ತು. ಮುಂಗಡದ ಮುಖ ನೋಡಿ ಅಲ್ಲೇ ಉಳಿಯಬೇಡಿ.

ನನಗೆ ದೊಡ್ಡದೆನಿಸುವುದು ದಾರಿಯ ಲೆಕ್ಕ. ಐವಿಎಫ್‌ನಲ್ಲಿ ಸುಮಾರು 10–12 ದಿನ ಚುಚ್ಚುಮದ್ದು, ನಡುನಡುವೆ ಸ್ಕ್ಯಾನ್. ಅಂಡ ಹಣ್ಣಾಗಿಸುವ ಕೊನೆಯ ‘ಟ್ರಿಗರ್’ ಚುಚ್ಚುಮದ್ದಾಗಿ 34–36 ಗಂಟೆಗೆ ಅಂಡ ತೆಗೆಯಬೇಕು. ರೈಲು ತಪ್ಪಿತೆಂದರೆ ಆ ಗಳಿಗೆ ಕಾಯುವುದಿಲ್ಲ. ವಾಡಿ, ಶಹಾಬಾದಿನವರಿಗೆ ಕಲಬುರಗಿ ಹತ್ತಿರ, ಚಿಂಚೋಳಿಯವರಿಗೆ ಬಸ್ಸೇ ಗತಿ. ಸೇಡಂ, ಚಿತ್ತಾಪುರಕ್ಕೆ ಎರಡೂ ದಿಕ್ಕಿಗೆ ರೈಲುಂಟು, ಅಲ್ಲಿನವರ ಗೊಂದಲವೂ ಅದರಿಂದಲೇ! ಸ್ಕ್ಯಾನ್ ಕಲಬುರಗಿಯಲ್ಲಿ ಮಾಡಿಸಿ ವರದಿ ಕಳಿಸಿದರೆ ಹೈದರಾಬಾದಿನವರು ಒಪ್ಪುವರೇ? ಮೊದಲು ಅದನ್ನು ಕೇಳಿ.

ಹೊಸ ಕ್ಲಿನಿಕ್ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ) ಕಾಯ್ದೆಯಡಿ ನೋಂದಣಿಯಾಗಿದೆಯೇ ನೋಡಿ. ಲೆವೆಲ್ 1 ಆದರೆ ಐಯುಐ (ವೀರ್ಯವನ್ನು ಗರ್ಭಾಶಯಕ್ಕೆ ಸೇರಿಸುವುದು) ಮಾತ್ರ. ಐವಿಎಫ್‌ಗೆ ಲೆವೆಲ್ 2 ಬೇಕು. ಯಶಸ್ಸಿನ ಶೇಕಡಾವಾರು ಹೇಳಿದರೆ, ‘ನನ್ನ ವಯಸ್ಸಿನವರಲ್ಲಿ ಎಷ್ಟು ಹೆರಿಗೆ?’ ಎಂದು ಕೇಳಿ. ಗರ್ಭ ನಿಂತ ಲೆಕ್ಕ ಬೇರೆ, ಮಗು ಕೈಗೆ ಬಂದ ಲೆಕ್ಕ ಬೇರೆ. ಗಂಡು ಮಗುವಿನ ಭರವಸೆ ಕೊಟ್ಟರೆ ಎದ್ದು ಬನ್ನಿ, ಅದು ಅಪರಾಧ.

ಬದಲಿಸುವುದಾದರೆ ಹಳೆಯ ಕ್ಲಿನಿಕ್‌ನಿಂದ ಎಎಂಎಚ್ (ಅಂಡ ಸಂಗ್ರಹದ ರಕ್ತಪರೀಕ್ಷೆ), ಎಚ್‌ಎಸ್‌ಜಿ (ಗರ್ಭನಾಳದ ಎಕ್ಸ್-ರೇ), ಪತಿಯ ವೀರ್ಯ ಪರೀಕ್ಷೆಯ ವರದಿಗಳ ಪ್ರತಿ ಕೇಳಿ ಪಡೆಯಿರಿ. ಮತ್ತೆ ಮಾಡಿಸುವ ಖರ್ಚು ಸ್ವಲ್ಪವಾದರೂ ಉಳಿದೀತು.