ಮೊಳೆಯದ ಬ್ಲೂಬಾನೆಟ್

ಟೆಕ್ಸಾಸ್‌ನಲ್ಲಿ ಮಾರ್ಚ್ ತಿಂಗಳು ಬ್ಲೂಬಾನೆಟ್ ಅರಳುವ ಕಾಲ, ಬಿತ್ತುವ ಕಾಲವಲ್ಲ. ಪಕ್ಕದ ಮನೆಯ ಹೂ ನೋಡಿ ಆಗಲೇ ಬೀಜ ಹಾಕುವುದೇ ಎಡವಟ್ಟು. ಲೂಪಿನ್ ಕುಲದ ಈ ಪುಟ್ಟ ಬ್ಲೂಬಾನೆಟ್ ಒಂದೇ ವರ್ಷದ ಗಿಡ. ಸೆಪ್ಟೆಂಬರ್‌ನಿಂದ ನವೆಂಬರ್ ಮಧ್ಯದೊಳಗೆ ಬಿತ್ತಬೇಕು.

ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ. ಹಾಗೇ ಹಾಕಿದರೆ ಕೆಲವು ಬೀಜಗಳು ವರ್ಷಗಟ್ಟಲೆ ಮಣ್ಣಲ್ಲೇ ಮಲಗುತ್ತವೆ. ಸ್ಯಾಂಡ್‌ಪೇಪರ್ ಮೇಲೆ ಹೊಳಪು ಹೋಗುವಷ್ಟು ಉಜ್ಜಿ, ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ. ಉಬ್ಬದೆ ಉಳಿದವಕ್ಕೆ ಇನ್ನೊಂದು ಸುತ್ತು ಉಜ್ಜುವ ಸೇವೆ ಆಗಲಿ. ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಸಾಕು.

ದಿನಕ್ಕೆ 8 ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ನೋಡಿ. ತಾಯಿಬೇರು ಆಳಕ್ಕಿಳಿಯುವುದರಿಂದ ಕಿತ್ತು ನೆಡುವ ಯೋಚನೆ ಬೇಡ. ಗೊಬ್ಬರವೂ ಬೇಡ: ಅವರೆ, ತೊಗರಿಯ ಬಳಗವಲ್ಲವೇ, ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಯೂರಿಯಾ ಸುರಿದರೆ ಸೊಪ್ಪು ಬರುತ್ತದೆ, ಹೂವಲ್ಲ.

ಚಳಿಗಾಲದಲ್ಲಿ ಗಿಡ ನೆಲಕ್ಕಂಟಿಕೊಂಡೇ ಇದ್ದರೆ ಗಾಬರಿಯಾಗಬೇಡಿ, ಒಳಗೆ ಬೇರು ಬೆಳೆಯುತ್ತಿರುತ್ತದೆ. ಕಾಯಿ ಅವರೆಯಂತೆ ಕಂಡರೂ ಬೀಜ ವಿಷ, ಮಕ್ಕಳಿದ್ದರೆ ಎಚ್ಚರ. ಮುಂದಿನ ವರ್ಷಕ್ಕೂ ಹೂ ಬೇಕಿದ್ದರೆ ಕಾಯಿ ಒಣಗಿ ಸಿಡಿಯುವವರೆಗೆ ಗಿಡ ಕೀಳಬೇಡಿ.